ಬಾಗಿಲಿಗೆ ಅಂಟದ ಚೀಟಿ

ನವೆಂಬರಿನ ಒಂದು ಮಂಗಳವಾರ ಸ್ತ್ರಾಮ್ನಿ ದೋಲ್ ಊರಿನ ರಂಗೆಲ್ ತೀರಿಕೊಂಡ. ಅವನ ಸಾವಿನ ಚೀಟಿ ಊರಿನ ಯಾವ ಬಾಗಿಲಿಗೂ ಅಂಟಲಿಲ್ಲ. ಚೀಟಿ ಅಚ್ಚು ಹಾಕುವ ಕಂಪ್ಯೂಟರಿಗೆ ಹಿಂದಿನ ದಿನವೇ ಅದರ ತಂತ್ರಾಂಶದ ಕಂಪನಿ ಬೀಗ ಹಾಕಿತ್ತು.

ಬಲ್ಗೇರಿಯಾದ ನಮ್ಮ ರೊದೋಪಿ ಬೆಟ್ಟಗಳಲ್ಲಿ ಸತ್ತವರ ಮುಖ ಬಾಗಿಲ ಮೇಲಿರುತ್ತದೆ. ಒಂದು ಹಾಳೆ, ಮೇಲೆ ಶಿಲುಬೆ, ನಡುವೆ ಫೋಟೊ, ಕೆಳಗೆ ಹೆಸರು, ವಯಸ್ಸು, ಮನೆಯವರ ನಾಲ್ಕು ಮಾತು. ಉಸಿರು ನಿಂತ ದಿನವೇ ಅದು ಮನೆ ಬಾಗಿಲಿಗೆ ಬರಬೇಕು. ಬಸ್ ನಿಲ್ದಾಣಕ್ಕೆ, ಬ್ರೆಡ್ ಅಂಗಡಿಯ ಗೋಡೆಗೆ, ಕೆಳಗಿನ ಊರುಗಳ ಕಂಬಗಳಿಗೆ ಬರಬೇಕು. ನಲವತ್ತನೆಯ ದಿನಕ್ಕೆ ಮತ್ತೊಂದು, ವರ್ಷ ತುಂಬಿದಾಗ ಇನ್ನೊಂದು. ಮಳೆ ಬಿಸಿಲಿಗೆ ಮುಖ ಮಾಸಿದರೂ ಯಾರೂ ಕೀಳುವುದಿಲ್ಲ. ಸಾವನ್ನು ಫೋನಿನಲ್ಲಿ ಹೇಳುವ ಅಭ್ಯಾಸ ನಮಗಿಲ್ಲ. ಹೇಳುವುದಕ್ಕೆ ಚೀಟಿ ಇದೆಯಲ್ಲ. ಚೀಟಿ ಇಲ್ಲದೆ ಮಣ್ಣಾದವನು ಎಂದರೆ ಯಾರೂ ಇಲ್ಲದವನು ಎಂದೇ ಅರ್ಥ.

ರಂಗೆಲ್‌ಗೆ ಎಲ್ಲರೂ ಇದ್ದರು. ಸುತ್ತಲಿನ ಊರುಗಳಲ್ಲಿ ಅವನು ಕಲ್ಲುಚಪ್ಪಡಿ ಹೊದಿಸದ ಛಾವಣಿ ಹುಡುಕಿದರೆ ಸಿಗುವುದು ಕಷ್ಟ. ಊರಿನ ಗ್ರಂಥಾಲಯವಾದ ಓದುಮನೆಗೂ ಅವನೇ ಹೊದಿಸಿದ್ದು. ಅದೇ ಛಾವಣಿಯ ಕೆಳಗೆ ಊರಿನ ಐದು ಕಂಪ್ಯೂಟರುಗಳೂ ಒಂದು ಪ್ರಿಂಟರೂ ಇವೆ. ಅವನ ತಮ್ಮ ಮೆತೋದಿ ಆ ಓದುಮನೆಯ ಅಧ್ಯಕ್ಷ. ಆ ದಿನ ಅಣ್ಣನ ಚೀಟಿಗಾಗಿ ಅವನು ಒಂದೊಂದೇ ಯಂತ್ರ ಹೊತ್ತಿಸಿದ. ಐದೂ ಪರದೆಗಳು ಒಂದೇ ಮಾತು ಹೇಳಿದವು: ಕೀಲಿಸಂಖ್ಯೆ ಕೊಡಿ.

ಯಾವ ಕೀಲಿ? ಯಾರು ಕೊಟ್ಟಿದ್ದ ಕೀಲಿ? ಮೆತೋದಿಗೆ ಗೊತ್ತಿರಲಿಲ್ಲ. ಅವನು ಬಿಳಿ ಹಾಳೆ ತೆಗೆದು, ದಪ್ಪ ಪೆನ್ನಿನಲ್ಲಿ ಅಣ್ಣನ ಹೆಸರು ಬರೆದು, ಬಸ್ ನಿಲ್ದಾಣಕ್ಕೂ ಬ್ರೆಡ್ ಅಂಗಡಿಗೂ ಅಂಟಿಸಿದ. ಫೋಟೊ ಇಲ್ಲದ ಕೈಬರಹವನ್ನು ನಮ್ಮಲ್ಲಿ ಯಾರೂ ನಿಂತು ಓದುವುದಿಲ್ಲ. ಯಾರೋ ಆಲೂಗಡ್ಡೆ ಮಾರುತ್ತಿದ್ದಾರೆ, ಯಾರದೋ ಮೇಕೆ ಕಳೆದಿದೆ ಎಂದುಕೊಂಡು ದಾಟಿ ಹೋಗುತ್ತಾರೆ. ಮಧ್ಯಾಹ್ನದ ಮಳೆಗೆ ಶಾಯಿ ಹರಿಯಿತು. ಮರುದಿನ ಹೂಳುವಾಗ ಗೋರಿಯ ಸುತ್ತ ನಮ್ಮ ಕೇರಿಯವರಷ್ಟೇ ನಿಂತಿದ್ದೆವು.

ರಂಗೆಲ್ ಜೊತೆ ಜೀವಮಾನವಿಡೀ ಏಣಿ ಹತ್ತಿದ ಮೇಸ್ತ್ರಿಗಳು ಕೆಳಗಿನ ಊರುಗಳಲ್ಲಿದ್ದಾರೆ. ಅವರಿಗೆ ಸುದ್ದಿ ಗೊತ್ತಾದದ್ದು ವಾರ ಕಳೆದು, ಸಂತೆಯಲ್ಲಿ. ಅವರಲ್ಲಿ ಒಬ್ಬ ಸ್ತಮೆನಾಳ ಅಂಗಳಕ್ಕೆ ಬಂದ. ಸ್ತಮೆನಾ ಎಂದರೆ ರಂಗೆಲ್‌ನ ಹೆಂಡತಿ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

“ನಮ್ಮನ್ನ ಕರೆಯೋದು ಬೇಡ ಅನ್ನಿಸ್ತಾ, ಅತ್ತಿಗೆ?” ಎಂದು ಕೇಳಿದ.

ಸ್ತಮೆನಾ ಬಾಯಿ ತೆರೆದಳು. ಏನು ಹೇಳುವುದು? ಕಂಪ್ಯೂಟರು ಕೀಲಿ ಕೇಳಿತು ಎಂದು ಹೇಳುವುದೇ? ಅವನು ಟೋಪಿ ಹಾಕಿಕೊಂಡು ಇಳಿದು ಹೋದ.

ಆದದ್ದು ಇಷ್ಟು. ವಾರಗಟ್ಟಲೆ ಆ ಯಂತ್ರಗಳು ಒಂದು ಹೊಸ ಷರತ್ತಿನ ಪಟ್ಟಿ ತೋರಿಸಿ, ಒಪ್ಪಿದ್ದೇನೆ ಎಂದು ಒತ್ತಿ ಎಂದು ಕೇಳುತ್ತಿದ್ದವು. ಮೆತೋದಿ ಒತ್ತಿದ. ಓದಿದನೇ? ಇಲ್ಲ. ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕುವುದನ್ನು ಅವನ ತಲೆಮಾರಿಗೆ ಚೆನ್ನಾಗಿ ಕಲಿಸಿದ್ದರು. ಓದಿದವರ ಕಡೆ ಅನುಮಾನದಿಂದ ನೋಡುತ್ತಿದ್ದ ಕಾಲ ಅದು. ಆ ಕಮ್ಯುನಿಸ್ಟ್ ಆಡಳಿತ ಬಿದ್ದು ಹೋಯಿತು, ಅಭ್ಯಾಸ ಉಳಿಯಿತು. ಅವನು ಒತ್ತಿದ ಮೇಲೆ ಯಂತ್ರಗಳು ತಮ್ಮಷ್ಟಕ್ಕೇ ಹೊಸದೇನನ್ನೋ ತುಂಬಿಕೊಂಡವು, ಆಮೇಲೆ ತಮ್ಮ ಬಾಗಿಲು ತಾವೇ ಹಾಕಿಕೊಂಡವು. ತೆರೆಯುವ ಕೀಲಿಸಂಖ್ಯೆ ಕಂಪನಿಯ ಬಳಿ ಒಂದು ಖಾತೆಯಲ್ಲಿತ್ತು. ಆ ಖಾತೆ ಹಿಂದಿನ ಗ್ರಂಥಪಾಲಕಿ ಇವಂಕಾಳ ಹೆಸರಿನಲ್ಲಿತ್ತು. ಇವಂಕಾ ಸ್ಟ್ರಾಬೆರಿ ಕೀಳುವ ಕೂಲಿಗೆ ಸ್ಪೇನಿಗೆ ಹೋಗಿ ವರ್ಷಗಳಾದವು. ಅವಳ ಹಳೆಯ ಫೋನ್ ನಂಬರು ಈಗ ಬೇರೆ ಯಾರದೋ. ಮೆತೋದಿ ಕಂಪನಿಗೆ ಫೋನು ಮಾಡಿದ. ಸಂಗೀತ ಕೇಳಿಸಿತು. ಬಹಳ ಹೊತ್ತು ಸಂಗೀತವೇ ಕೇಳಿಸಿತು. ಕೊನೆಗೆ ಅಚ್ಚುಕಟ್ಟಾದ ಒಂದು ಧ್ವನಿ, ಈ ಖಾತೆಯ ಒಡೆಯರು ನೀವೇ ಎಂದು ಖಚಿತಪಡಿಸಲು ನಮಗೆ ಸಾಧ್ಯವಾಗುತ್ತಿಲ್ಲ ಎಂದಿತು.

ನಗರಸಭೆಯಿಂದ ದ್ಯಾಂಕೊವ್ ಬಂದ. ಕಂಪ್ಯೂಟರ್ ವಿಷಯ ನೋಡಿಕೊಳ್ಳುವ ಅಧಿಕಾರಿ ಅವನು, ಕೆಟ್ಟ ಮನುಷ್ಯನೇನಲ್ಲ. “ಇವೆಲ್ಲ ಹಳೇವು ಅಧ್ಯಕ್ಷರೇ. ಕಂಪನಿಯ ಹೊಸ ಸಿಸ್ಟಮ್ ಇವುಗಳ ಮೇಲೆ ಕೂರೋದೇ ಇಲ್ಲ. ಗುಜರಿಗೆ ಹಾಕಿಬಿಡಿ. ಹೊಸದು ಕಳಿಸ್ತೀವಿ, ವರ್ಷಕ್ಕೊಂದು ಸಲ ಪರವಾನಗಿ ನವೀಕರಿಸಿದರೆ ಆಯ್ತು” ಎಂದ. ಲಾರಿ ಬಂದಾಗ ಸಹಿ ಹಾಕುತ್ತೇನೆ ಎಂದು ಮೆತೋದಿ ತಲೆಯಾಡಿಸಿದ. ಯಂತ್ರಗಳ ತಗಡು ಎಲ್ಲೂ ತುಕ್ಕು ಹಿಡಿದಿರಲಿಲ್ಲ. ಒಂದು ತಂತಿಯೂ ಸುಟ್ಟಿರಲಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ನೆವೇನಾ ಬಂದಳು. ರಂಗೆಲ್, ಮೆತೋದಿ ಇಬ್ಬರ ತಂಗಿಯ ಮಗಳು. ಪಟ್ಟಣದ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಮಾವ ಸತ್ತಾಗ ಅವಳೂ ಊರಲ್ಲಿರಲಿಲ್ಲ, ಅವಳಿಗೂ ಸುದ್ದಿ ತಡವಾಗಿಯೇ ಹೋಗಿತ್ತು. ಸ್ತಮೆನಾಳ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಮೆತೋದಿ ಒಂದು ಮೂಲೆಯಲ್ಲಿ ಕೂತಿದ್ದ. ನಲವತ್ತನೆಯ ದಿನದ ಚೀಟಿಯ ಮಾತು ಬಂತು.

“ನೆವೇನಾ, ಆ ಫೋಟೊ ತೆಗೆದುಕೊಡೇ” ಎಂದಳು ಸ್ತಮೆನಾ. “ಓದುಮನೆ ಛಾವಣಿ ಮೇಲೆ ಕೂತು ನಗ್ತಿರೋದು. ನಿನ್ನ ಮಾವ ಫೋಟೊ ಅಂದ್ರೆ ಮುಖ ತಿರುಗಿಸೋನು. ಅದೊಂದೇ ಸರಿಯಾಗಿರೋದು. ಮೆತೋದಿ ತೆಗೆದು ಅಲ್ಲೇ ಇಟ್ಟಿದ್ದ.”

“ಎಲ್ಲಿ ಇಟ್ಟಿದ್ದೆ ಮಾವ? ಇನ್ನೊಂದು ಪ್ರತಿ ಬೇರೆ ಕಡೆ ಇದೆಯಾ?”

“ಯಾಕೆ ಬೇಕು ಇನ್ನೊಂದು ಪ್ರತಿ? ಕಂಪ್ಯೂಟರೊಳಗಿದೆ ಅಂದ್ಮೇಲೆ ಇದೆ.”

ನೆವೇನಾ ಲೋಟ ಕೆಳಗಿಟ್ಟಳು. “ಸುಳ್ಳು ಹೇಳೋಕೆ ಆಗಲ್ಲ ಅತ್ತೆ. ಆ ಫೋಟೊ ಆ ಪೆಟ್ಟಿಗೆಯೊಳಗೇ ಇದೆ, ಆದ್ರೆ ಬರಲ್ಲ. ಕೀಲಿಸಂಖ್ಯೆ ಇಲ್ಲದೆ ನನಗಲ್ಲ, ಯಾರಿಗೂ ತೆಗೆಯೋಕಾಗಲ್ಲ.”

ಸ್ತಮೆನಾ ಒಲೆಯ ಕಡೆ ತಿರುಗಿ ಕಟ್ಟಿಗೆ ಒಳಗೆ ತಳ್ಳಿದಳು. ಅದು ಆಗಲೇ ಚೆನ್ನಾಗಿ ಉರಿಯುತ್ತಿತ್ತು.

“ನನ್ನ ಗಂಡನ ಮುಖ,” ಎಂದಳು. “ಅದಕ್ಕೆ ಬೀಗ ಹಾಕು ಅಂತ ಅವರಿಗೆ ಯಾರು ಹೇಳಿದ್ರು?”

“ಮೆತೋದಿ ಮಾವ ಹೇಳಿದ.”

“ನಾನಾ?” ಮೆತೋದಿ ಎದ್ದೇಬಿಟ್ಟ. “ನಾನ್ಯಾವಾಗ ಹೇಳಿದೆ? ಅದು ಒತ್ತು ಅಂತು, ಒತ್ತಿದೆ. ಮೇಷ್ಟರ ಮುಂದೆ ಹುಡುಗ ನಿಂತ ಹಾಗೆ ನನ್ನನ್ನ ನಿಲ್ಲಿಸಬೇಡ ಕಣೇ!”

“ಕೂತ್ಕೋ ಮಾವ. ತಪ್ಪು ನಿಂದು ಅಂತ ಅಲ್ಲ. ಓದೋಕಾಗದಷ್ಟು ಉದ್ದ ಬರೆದು, ಕೊನೇಲಿ ಒಂದೇ ಒಂದು ಗುಂಡಿ ಇಡ್ತಾರೆ. ಬೇಡ ಅನ್ನೋಕೆ ಗುಂಡಿ ಎಲ್ಲಿದೆ? ಒಪ್ಪದೇ ಇದ್ರೆ ಒಪ್ಪೋವರೆಗೂ ದಿನಾ ಬಿಡದೆ ಕೇಳ್ತಾರೆ. ಅದಕ್ಕೆ ಒಪ್ಪಿಗೆ ಅಂತಾರಾ?” ಅವಳು ಸ್ವಲ್ಪ ನಿಧಾನಿಸಿದಳು. “ಬೀಗ ಹಾಕೋದು ತಪ್ಪಲ್ಲ. ಕಳ್ಳ ಬಂದ್ರೆ ಬೀಗ ಬೇಕು. ನಾನೂ ನನ್ನ ಕಂಪ್ಯೂಟರಿಗೆ ಬೀಗ ಹಾಕಿದ್ದೀನಿ. ಆದ್ರೆ ಕೀಲಿ ನನ್ನ ಸೊಂಟದಲ್ಲಿದೆ. ಇಲ್ಲಿ ಕೀಲಿ ಅವರ ಸೊಂಟದಲ್ಲಿತ್ತು. ಅದನ್ನ ನಿಮಗೆ ಹೇಳೋ ಸೌಜನ್ಯ ಕೂಡ ಯಾರಿಗೂ ಇರಲಿಲ್ಲ.”

ಕಂಪ್ಯೂಟರ್ ಹೊತ್ತಿಸಿದಾಗ ಎಲ್ಲಕ್ಕಿಂತ ಮೊದಲು ಒಳಗೆ ಏಳುವ ಒಂದು ತಂತ್ರಾಂಶ ಇರುತ್ತದೆ, ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ ಎಂದು ಅವಳು ವಿವರಿಸಿದಳು. ಮನೆಗೆ ಯಜಮಾನಿ ಇದ್ದ ಹಾಗೆ. ಯಾರನ್ನು ಒಳಗೆ ಬಿಡಬೇಕು, ಯಾವ ಕಪಾಟು ತೆಗೆಯಬೇಕು, ಪ್ರಿಂಟರಿಗೆ ಏನು ಹೇಳಬೇಕು, ಎಲ್ಲವೂ ಅದರ ಕೈಯಲ್ಲಿ.

“ಆ ಯಜಮಾನಿ ಯಾರ ಮಾತು ಕೇಳ್ತಾಳೆ?” ಎಂದಳು ಸ್ತಮೆನಾ.

“ಅದೇ ಅತ್ತೆ ಪ್ರಶ್ನೆ. ಓದುಮನೇಲಿ ಇರೋಳು ಕಂಪನಿ ಮಾತು ಕೇಳ್ತಾಳೆ. ಅವಳನ್ನ ಹೇಗೆ ಕಟ್ಟಿದ್ದಾರೆ ಅಂತ ನೋಡೋ ಹಾಗಿಲ್ಲ, ತಿದ್ದೋ ಹಾಗಿಲ್ಲ, ಪಕ್ಕದ ಮನೆಗೆ ಕೊಡೋ ಹಾಗಿಲ್ಲ. ಇಷ್ಟು ದಿನ ಕೆಲಸ ಮಾಡ್ತೀನಿ, ಆಮೇಲೆ ಇಲ್ಲ ಅಂತ ಅವಳೇ ತೀರ್ಮಾನ ಮಾಡ್ತಾಳೆ. ಆದ್ರೆ ಬೇರೆ ಥರದ್ದೂ ಇವೆ. ಲಿನಕ್ಸ್ ಅಂತ ಕೇಳಿರಬಹುದು. ಅದು ಮುಕ್ತ ತಂತ್ರಾಂಶ. ಒಳಗಿನದೆಲ್ಲ ತೆರೆದಿಟ್ಟಿರ್ತಾರೆ. ನಿಮಗೆ ಬೇಕಾದ ಕೆಲಸಕ್ಕೆ ಬಳಸಿ, ಒಳಗೆ ನೋಡಿ, ತಿದ್ದಿ, ಹಂಚಿ.”

“ದುಡ್ಡು?”

“ಬಹಳ ಸಲ ಇಲ್ಲ.”

ಮೆತೋದಿ ನಕ್ಕ. “ಬಂತು ನೋಡು! ಚುನಾವಣೆ ಬಂದಾಗಲೂ ಪುಕ್ಕಟೆ ಸುಟ್ಟ ಮಾಂಸ, ಪುಕ್ಕಟೆ ಬಿಯರು. ಆಮೇಲೆ ನಾಲ್ಕು ವರ್ಷ ರಸ್ತೆ ಇಲ್ಲ. ಪುಕ್ಕಟೆ ಕೊಡೋಕೆ ಅವರಿಗೇನು ತಲೆ ಕೆಟ್ಟಿದೆಯಾ?”

“ಪುಕ್ಕಟೆ ಅನ್ನೋದು ದೊಡ್ಡ ವಿಷಯ ಅಲ್ಲ ಮಾವ. ಕೆಲವರು ದುಡ್ಡು ತಗೊಂಡೇ ಹಾಕಿಕೊಡ್ತಾರೆ, ಅದೂ ಸರಿ. ಹಾಕಿಕೊಂಡ ಮೇಲೆ ಅದು ಯಾರದ್ದು ಅನ್ನೋದು ವಿಷಯ.”

“ಒಳಗೆ ಏನಿದೆ ಅಂತ ಎಲ್ಲರೂ ನೋಡಬಹುದಾದ್ರೆ ಕಳ್ಳನೂ ನೋಡ್ತಾನಲ್ಲ, ಜಾಣೆ?”

“ನೋಡ್ತಾನೆ. ಒಳ್ಳೆಯವರೂ ನೋಡ್ತಾರೆ, ಬಿರುಕು ಕಂಡ್ರೆ ಕೂಗಿ ಹೇಳ್ತಾರೆ, ಮುಚ್ಚುತ್ತಾರೆ. ಬಿರುಕೇ ಇರಲ್ಲ ಅಂತ ನಾನು ಹೇಳಲ್ಲ, ಎಲ್ಲದರಲ್ಲೂ ಇರುತ್ತೆ. ಮುಚ್ಚಿಟ್ಟ ಗೋಡೇಲಿ ಬಿರುಕಿದ್ರೆ ಕಟ್ಟಿದವನು ಹೇಳಿದಾಗಲೇ ಗೊತ್ತಾಗೋದು. ಅವನು ಬಾಯಿ ಬಿಡದೇ ಇದ್ರೆ?”

“ಕೆಟ್ಟರೆ ಯಾರನ್ನ ಕೇಳೋದು? ಹೇಳು. ಕಂಪನಿ ಅಂದ್ರೆ ಒಂದು ಹೆಸರಿದೆ, ವಿಳಾಸ ಇದೆ.”

“ಮೊನ್ನೆ ಕೆಟ್ಟಾಗ ಯಾರನ್ನ ಕೇಳಿದೆ ಮಾವ? ಏನಂದ್ರು?”

ಫೋನಿನ ಆ ಸಂಗೀತ ಮೆತೋದಿಯ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಸ್ತಮೆನಾ ಅಷ್ಟು ಹೊತ್ತೂ ಹಾಲು ಕಾಯಿಸುತ್ತಿದ್ದಳು. ಈಗ ಮಡಕೆಗೆ ಸುರಿದು, ಬೆರಳದ್ದಿ ಬಿಸಿ ನೋಡಿ, ಹಿಂದಿನ ದಿನದ ಮೊಸರಿನಿಂದ ಒಂದು ಚಮಚ ಹೆಪ್ಪು ಹಾಕಿದಳು. ಉಣ್ಣೆಯ ಬಟ್ಟೆ ಸುತ್ತುತ್ತಾ ಮೈದುನನ ಕಡೆ ನೋಡಿದಳು.

“ನಿನ್ನ ಹೆಂಡತಿ ಡೈರಿಯವರ ಪೊಟ್ಟಣದ ಹೆಪ್ಪು ತಂದಿದ್ದು ಜ್ಞಾಪಕ ಇದೆಯಾ?”

“ಈಗ ಅದ್ಯಾಕೆ ಅತ್ತಿಗೆ?”

“ಮೊದಲ ಸಲ ಚಾಕುವಿನಲ್ಲಿ ಕತ್ತರಿಸೋ ಹಾಗೆ ಮೊಸರಾಯ್ತು. ಕೇರಿಯಲ್ಲೆಲ್ಲ ತೋರಿಸಿಕೊಂಡು ಬಂದಳು. ಎಲ್ಲರೂ ಪೊಟ್ಟಣ ತಂದರು, ಮನೆ ಹೆಪ್ಪು ಚೆಲ್ಲಿದರು. ಆಮೇಲೆ? ಅದೇ ಮೊಸರಿನಿಂದ ಮತ್ತೆ ಮತ್ತೆ ಹಾಕಿದ್ರೆ ನೀರು ನೀರು. ಪ್ರತಿ ಸಲ ಹೊಸ ಪೊಟ್ಟಣ. ಡೈರಿಯವರು ಪೊಟ್ಟಣ ನಿಲ್ಲಿಸಿದರು, ಊರಲ್ಲಿ ಮೊಸರೇ ನಿಂತುಹೋಯ್ತು. ಆಗ ನಿನ್ನ ಹೆಂಡತಿ ಬಟ್ಟಲು ಹಿಡ್ಕೊಂಡು ಎಲ್ಲಿಗೆ ಬಂದಳು?”

“ಇಲ್ಲಿಗೆ,” ಎಂದ ಮೆತೋದಿ.

“ಯಾವ ಹಸುವಿನ ಹಾಲಿಗೆ ಹಾಕ್ತೀಯ, ಯಾವ ಮಡಕೇಲಿ ಹಾಕ್ತೀಯ, ಪಕ್ಕದ ಮನೆಗೆ ಕೊಡ್ತೀಯಾ ಅಂತ ನಾನು ಕೇಳಿದ್ನಾ? ನಿಂಗೆ ಕೊಟ್ಟಿದ್ದಕ್ಕೆ ನನ್ನದೇನು ಕಡಿಮೆ ಆಯ್ತಾ? ಇವಳು ಹೇಳ್ತಿರೋದು ಅಂಥದ್ದು. ನನಗೆ ಕಂಪ್ಯೂಟರ್ ಗೊತ್ತಿಲ್ಲ. ಇದು ಗೊತ್ತು.”

ಮೆತೋದಿ ಗೋಡೆಯ ಕಡೆ ನೋಡಿದ. ಅಲ್ಲಿ ಮೊಳೆಯಲ್ಲಿ ರಂಗೆಲ್‌ನ ಚಪ್ಪಡಿ ಸುತ್ತಿಗೆ ತೂಗುತ್ತಿತ್ತು. ಸ್ತಮೆನಾ ಅವನ ನೋಟ ಹಿಂಬಾಲಿಸಿದಳು.

“ನಿಮ್ಮಣ್ಣ ಆ ಕಪಾಟು ಒಡೆದ ದಿನ ನೀನೆಲ್ಲಿದ್ದೆ?”

“ಬಾಗಿಲಲ್ಲಿ. ಯಾರಾದ್ರೂ ಬರ್ತಾರಾ ಅಂತ ನೋಡ್ತಾ ಇದ್ದೆ.”

ಹಳೆಯ ಆಡಳಿತದಲ್ಲಿ ನಮ್ಮ ಓದುಮನೆಯ ಒಂದು ಕಪಾಟಿಗೆ ಬೀಗವಿತ್ತು. ಪುಸ್ತಕ ಊರಿನವರು ಕೊಂಡದ್ದು, ಕಪಾಟು ಊರಿನ ಬಡಗಿ ಮಾಡಿದ್ದು, ಛಾವಣಿ ರಂಗೆಲ್ ಹೊದಿಸಿದ್ದು. ಕೀಲಿ ಮಾತ್ರ ಪಟ್ಟಣದ ಕಚೇರಿಯಲ್ಲಿತ್ತು. ಓದಬೇಕಾದವರು ಅರ್ಜಿ ಬರೆಯಬೇಕಿತ್ತು, ಯಾಕೆ ಓದಬೇಕು ಎಂದು ಕಾರಣ ಕೊಡಬೇಕಿತ್ತು. ಆಡಳಿತ ಬಿದ್ದ ಚಳಿಗಾಲದಲ್ಲಿ ಕೀಲಿ ಕೇಳಲು ಹೋದರೆ, ಯಾರ ಬಳಿ ಇದೆಯೋ ಗೊತ್ತಿಲ್ಲ ಎಂದರು. ರಂಗೆಲ್ ಈ ಸುತ್ತಿಗೆಯಲ್ಲಿ ಎರಡೇಟು ಹಾಕಿದ. ನಾವು ಕೆಲವರು ಸಂಜೆಗಳಲ್ಲಿ ಸುತ್ತ ಕೂತು ಗಟ್ಟಿಯಾಗಿ ಓದುವುದನ್ನು ಕಲಿತದ್ದು ಆ ಕಪಾಟಿನ ಪುಸ್ತಕಗಳಿಂದಲೇ.

“ಇದನ್ನೂ ಸುತ್ತಿಗೇಲಿ ಒಡೀಲಾ?” ಎಂದ ಮೆತೋದಿ. ತಮಾಷೆಗೆ ಶುರು ಮಾಡಿದ್ದು, ಮುಗಿಯುವ ಹೊತ್ತಿಗೆ ತಮಾಷೆ ಆಗಿ ಉಳಿದಿರಲಿಲ್ಲ.

“ಈ ಬೀಗ ಸುತ್ತಿಗೆಗೆ ಬಗ್ಗಲ್ಲ ಮಾವ. ಇನ್ನೊಂದು ಬೀಗ ಬೀಳದ ಹಾಗೆ ನೋಡ್ಕೋಬಹುದು. ಅಷ್ಟು ನಮ್ಮ ಕೈಲಿದೆ.”

ಮರುದಿನ ಬೆಳಿಗ್ಗೆ ಮೂವರೂ ಓದುಮನೆಗೆ ಹೋದರು. ಫೋಟೊ ಇದ್ದ ಯಂತ್ರದಲ್ಲಿ ಏನನ್ನೂ ಅಳಿಸಬೇಡಿ ಎಂದಳು ಸ್ತಮೆನಾ. ನೆವೇನಾ ಅದರ ಹೊಟ್ಟೆ ಬಿಚ್ಚಿ, ಅಂಗೈಯಗಲದ ಡಿಸ್ಕನ್ನು ತೆಗೆದು ಅವಳ ಕೈಗಿಟ್ಟಳು. ಸ್ತಮೆನಾ ಅದನ್ನು ತಲೆವಸ್ತ್ರದ ತುದಿಯಲ್ಲಿ ಸುತ್ತಿ ಎದೆಗೊತ್ತಿಕೊಂಡಳು. ಎಂದಾದರೂ ಇವಂಕಾ ಸಿಕ್ಕಬಹುದು, ಅವಳಿಗೆ ಏನಾದರೂ ನೆನಪಿರಬಹುದು. ಇವತ್ತಿಗೂ ಅದು ಅವಳ ಮನೆಯಲ್ಲಿ ಬ್ರೆಡ್ಡಿನ ಪೆಟ್ಟಿಗೆಯಲ್ಲಿದೆ. ಇವಂಕಾ ಇನ್ನೂ ಸಿಕ್ಕಿಲ್ಲ.

ಇನ್ನೊಂದು ಯಂತ್ರಕ್ಕೆ ನೆವೇನಾ ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವ್ ಚುಚ್ಚಿದಳು. “ಮೊದಲು ಇದರಿಂದಲೇ ನಡೆಸಿ ನೋಡು ಮಾವ. ಒಳಗೆ ಏನನ್ನೂ ಅಳಿಸಲ್ಲ. ಹಿಡಿಸದೇ ಇದ್ರೆ ಕಿತ್ತು ಹಾಕು.” ಗುಜರಿಗೆ ಹೋಗಬೇಕಿದ್ದ ಯಂತ್ರ ಎದ್ದಿತು. ಯಾವ ಭಾಷೆ ಎಂದು ಕೇಳಿತು. ಪಟ್ಟಿಯಲ್ಲಿ ಬಲ್ಗೇರಿಯನ್ ಇತ್ತು. ಮೆತೋದಿ ಕುರ್ಚಿ ಎಳೆದುಕೊಂಡ.

ಎಲ್ಲವೂ ಸುಸೂತ್ರವಾಯಿತು ಎಂದು ಹೇಳಿದರೆ ಸುಳ್ಳಾದೀತು. ಪ್ರಿಂಟರು ಮಾತೇ ಕೇಳಲಿಲ್ಲ. ಓದುಮನೆಯ ಲೆಕ್ಕ ಬರೆಯುವ ಹಳೆಯ ತಂತ್ರಾಂಶ ಹೊಸದರ ಮೇಲೆ ಓಡಲಿಲ್ಲ, ಅದಕ್ಕೆ ಬದಲಿ ಕಲಿಯಬೇಕಾಯಿತು. ಗುಂಡಿಗಳು ಮೊದಲಿದ್ದ ಜಾಗದಲ್ಲಿರಲಿಲ್ಲ. ಮೆತೋದಿ ಗೊಣಗಿದ, ಬೈದ, ಎರಡು ಸಲ ಎದ್ದು ಹೊರಗೆ ಹೋಗಿ ಸಿಗರೇಟು ಸೇದಿ ಬಂದ. ನೆವೇನಾ ಪ್ರಿಂಟರಿನ ತೊಂದರೆಯನ್ನು ಬಳಕೆದಾರರು ಒಬ್ಬರಿಗೊಬ್ಬರು ನೆರವಾಗುವ ಒಂದು ತಾಣದಲ್ಲಿ ಬರೆದಳು. ಮಧ್ಯಾಹ್ನಕ್ಕೆ ಪೋರ್ಚುಗಲ್ಲಿನ ಯಾರೋ ಉತ್ತರ ಬರೆದಿದ್ದರು, ಏನೇನು ಮಾಡಬೇಕೆಂದು ಸಾಲಾಗಿ. ಹೇಳಿದ ಹಾಗೆ ಮಾಡಿದರು. ಪ್ರಿಂಟರು ಕೆಮ್ಮಿ ಒಂದು ಹಾಳೆ ಉಗುಳಿತು.

“ಯಾರವನು?” ಎಂದ ಮೆತೋದಿ.

“ಗೊತ್ತಿಲ್ಲ.”

“ಅವನಿಗೇನು ಸಿಗುತ್ತೆ ಇದರಿಂದ?”

“ಹೆಪ್ಪು ಕೊಟ್ಟಾಗ ನನಗೇನು ಸಿಕ್ತೋ ಅದೇ,” ಎಂದಳು ಕಿಟಕಿಯ ಬಳಿ ಕೂತಿದ್ದ ಸ್ತಮೆನಾ.

ಇನ್ನು ಚೀಟಿಗೆ ಮುಖ ಬೇಕಿತ್ತು. ಸ್ತಮೆನಾ ಮನೆಗೆ ಹೋಗಿ ಮದುವೆಯ ಫೋಟೊ ತಂದಳು. ಇಪ್ಪತ್ತನಾಲ್ಕರ ರಂಗೆಲ್. ದಟ್ಟ ಕೂದಲು, ಸಾಲ ತಂದ ಕೋಟು, ಕ್ಯಾಮೆರಾಗೆ ಹೆದರಿದ ಕಣ್ಣು. ನೆವೇನಾ ಅದರಿಂದ ಅವನ ಮುಖವನ್ನಷ್ಟೇ ತೆಗೆದು ಹಾಳೆಯ ನಡುವೆ ಇಟ್ಟಳು. “ಕೆಳಗೆ ಏನು ಬರೀಲಿ ಅತ್ತೆ?” ಎಂದಳು. ಎಲ್ಲರೂ ಬರೆಸುವ ಮಾತು ಸ್ತಮೆನಾಗೆ ಬೇಕಿರಲಿಲ್ಲ. ಅವಳು ಹೇಳಿದಳು, ನೆವೇನಾ ಬರೆದಳು:

“ಇವನು ನಿಮ್ಮ ಛಾವಣಿ ಹೊದಿಸಿದ. ಇವನು ಸತ್ತ ಸುದ್ದಿ ನಿಮಗೆ ಮುಟ್ಟಲಿಲ್ಲ. ಮುಟ್ಟಿಸಬಾರದೆಂದು ನಾವು ಮುಚ್ಚಿಟ್ಟದ್ದಲ್ಲ. ನಲವತ್ತಕ್ಕೆ ಬನ್ನಿ.”

ಆ ಚೀಟಿ ಎಲ್ಲ ಊರುಗಳ ಕಂಬಗಳಿಗೂ ಹೋಯಿತು. ಮೆತೋದಿಯೇ ಗೋಂದಿನ ಡಬ್ಬಿ ಹಿಡಿದು ನಡೆದ. ಬ್ರೆಡ್ ಅಂಗಡಿಯ ಮುಂದೆ ಮುದುಕಿಯರು ನಿಂತರು. ಚೀಟಿಯೊಳಗಿಂದ, ಸತ್ತ ಮುದುಕನ ಜಾಗದಲ್ಲಿ, ಒಬ್ಬ ಹುಡುಗ ನೋಡುತ್ತಿದ್ದ. ಯಾರೂ ದಾಟಿ ಹೋಗಲಿಲ್ಲ.

ನಲವತ್ತರ ದಿನ ಹಿಮ ಬಿದ್ದಿತ್ತು. ಮೇಸ್ತ್ರಿಗಳು ಬಂದರು, ಗೋರಿಯಿಂದ ಚರ್ಚಿನ ಬೇಲಿಯವರೆಗೆ ನಿಂತರು. ಸ್ತಮೆನಾ ಎಲ್ಲರ ಅಂಗೈಗೂ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಹಾಕುತ್ತಾ ಬಂದಳು. ದೇವರು ಅವನನ್ನು ಕ್ಷಮಿಸಲಿ ಎಂದು ಒಬ್ಬೊಬ್ಬರೇ ಹೇಳಿದರು. ಅಂದು ಅಂಗಳದಿಂದ ಇಳಿದು ಹೋಗಿದ್ದವನ ಸರದಿ ಬಂತು. ಅವನು ಟೋಪಿ ತೆಗೆದಿದ್ದ, ಕೂದಲ ಮೇಲೆ ಹಿಮ ಕೂತಿತ್ತು.

“ನನಗೆ ಏಣಿ ಹತ್ತೋದು ಕಲಿಸಿದಾಗ ಹೀಗೇ ಇದ್ದ, ಅತ್ತಿಗೆ,” ಎಂದ. “ಚೀಟೀಲಿ ಇದ್ದ ಹಾಗೆ.”

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇದು ಬೆಟ್ಟದ ಮೇಲಿನ ಒಂದು ಊರಿನ ಮಾತು ಎಂದುಕೊಳ್ಳಬೇಡಿ. ನಿಮ್ಮ ಸಂಘದ ಕಚೇರಿಯಲ್ಲಿ, ಶಾಲೆಯಲ್ಲಿ, ಮನೆಯ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇರಬಹುದು. ಅದರೊಳಗೆ ನಿಮ್ಮ ಮಕ್ಕಳ ಮುಖ, ನಿಮ್ಮ ಜಮೀನಿನ ಕಾಗದ, ನಿಮ್ಮ ಸಭೆಯ ನಿರ್ಣಯಗಳು ಇರಬಹುದು. ಇವತ್ತೇ ಕೇಳಿ: ಇದರ ಕೀಲಿ ಯಾರ ಸೊಂಟದಲ್ಲಿದೆ? ಬಹಳ ಬೆಲೆಯದ್ದೆಲ್ಲ ಇನ್ನೊಂದು ಪ್ರತಿಯಾಗಿ ನಿಮ್ಮ ಕೈಯಳತೆಯಲ್ಲಿ ಇರಲಿ. ಕೀಲಿಸಂಖ್ಯೆಯನ್ನು ಬರೆದು ಭದ್ರವಾಗಿಡಿ, ಊರು ಬಿಟ್ಟು ಹೋಗಬಹುದಾದ ಒಬ್ಬರ ಹೆಸರಿಗೆ ಬಿಡಬೇಡಿ. ಹಳೆಯದಾಯಿತು ಎಂದು ಯಾರಾದರೂ ನಿಮ್ಮ ಯಂತ್ರವನ್ನು ಗುಜರಿಗೆ ಕಳಿಸಿ ಎಂದರೆ, ಮುಕ್ತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಒಮ್ಮೆ ನಡೆಸಿ ನೋಡಿ. ಕಷ್ಟ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಕಲಿತವರನ್ನು ಕೇಳಿ, ಕಲಿತ ಮೇಲೆ ನೀವು ಇನ್ನೊಬ್ಬರಿಗೆ ಹೇಳಿಕೊಡಿ. ನೀವು ಕೊಂಡ ಯಂತ್ರ ನಿಮ್ಮ ಮಾತು ಕೇಳಬೇಕು. ಅದು ಇನ್ನೊಬ್ಬರ ಮಾತು ಕೇಳುತ್ತಿದ್ದರೆ, ನೀವು ಕೊಂಡದ್ದು ಯಂತ್ರವನ್ನಲ್ಲ, ನಿಮ್ಮದೇ ಮನೆಯಲ್ಲಿ ಒಂದು ಬಾಡಿಗೆಯ ಮೂಲೆಯನ್ನು. ಅಲ್ಲಿ ಬಾಡಿಗೆದಾರರಾಗಿ ಉಳಿಯಬೇಡಿ.

ನಲವತ್ತು ಕಳೆದ ಮೇಲಿನ ಸೋಮವಾರ ದ್ಯಾಂಕೊವ್ ಲಾರಿ ತಂದ. ಹೊಸ ಕಂಪ್ಯೂಟರನ್ನು ಮೇಜಿನ ಮೇಲಿಟ್ಟು ಹೊತ್ತಿಸಿದ. ಪರದೆಯ ತುಂಬ ಸಣ್ಣ ಅಕ್ಷರ, ಕೆಳಗೆ ಒಂದು ನೀಲಿ ಗುಂಡಿ.

“ಇಲ್ಲಿ ಒತ್ತಿಬಿಡಿ ಅಧ್ಯಕ್ಷರೇ. ಹಳೇದನ್ನ ಹುಡುಗರು ಲಾರಿಗೆ ಹಾಕ್ತಾರೆ.”

ಮೆತೋದಿ ಜೇಬಿನಿಂದ ಕನ್ನಡಕ ತೆಗೆದ, ಅಂಗಿಯ ತುದಿಯಲ್ಲಿ ಒರೆಸಿದ, ಹಾಕಿಕೊಂಡ. ಮೊದಲ ಸಾಲಿನಿಂದ ಓದತೊಡಗಿದ.

“ಅಯ್ಯೋ, ಅದನ್ನ ಯಾರಾದ್ರೂ ಓದ್ತಾರಾ? ಲಾರಿ ಕಾಯ್ತಾ ಇದೆ.”

“ಕಾಯಲಿ.”

ಅವನು ಓದಿದ. ಬಹಳ ಹೊತ್ತು ಓದಿದ. ಒಂದು ಕಡೆ ಬೆರಳಿಟ್ಟು ಗಟ್ಟಿಯಾಗಿ ಓದಿ ಹೇಳಿದ: “ಯಾವ ಸಮಯದಲ್ಲಾದರೂ, ಯಾವ ಕಾರಣಕ್ಕಾದರೂ, ಸೇವೆಯನ್ನು ನಿಲ್ಲಿಸುವ ಹಕ್ಕು ಕಂಪನಿಗಿದೆ.”

“ಅದು ಸುಮ್ಮನೆ ಬರೆದಿರ್ತಾರೆ.”

“ನಿಲ್ಲಿಸಿದರಲ್ಲ. ನಮ್ಮಣ್ಣ ಚೀಟಿ ಇಲ್ಲದೆ ಮಣ್ಣಾದ.”

ದ್ಯಾಂಕೊವ್ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ಹೇಳಿದ: “ನನಗೂ ಬೇಸರ ಇದೆ. ಆದ್ರೆ ಎಲ್ಲ ಊರಿನವರೂ ಒತ್ತಿದ್ದಾರೆ ಮೆತೋದಿಯವರೇ. ನಿಮ್ಮದೊಂದೇ ಬಾಕಿ. ಮೇಲಿನವರಿಗೆ ನಾನೇನು ಹೇಳಲಿ? ಒಂದು ಬೆರಳಿನ ಕೆಲಸ. ಒತ್ತಿ.”

ಹಿಂದಿನ ಮೇಜಿನಲ್ಲಿ ಹಳೆಯ ಯಂತ್ರ ಯಾರದೋ ವರ್ಷದ ಚೀಟಿ ಅಚ್ಚು ಹಾಕುತ್ತಿತ್ತು. ಮೆತೋದಿ ಕನ್ನಡಕ ಮಡಚಿದ. ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡ.

“ಓದಿದೆ,” ಎಂದ. “ಒತ್ತಲ್ಲ.”